ರವಿವಾರ ಪೇಟೆಯ ಬಿಡಿ ಅಂಟು, ಡಬ್ಬಿಯ ಅಂಟು: ಉಂಡೆ ಕಟ್ಟಿ ನೋಡಿದ ಮೇಲೆ

ಅಂಟಿನ ಉಂಡೆ ಮಾಡುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅಂಟನ್ನು, ಅಂದರೆ ಮರದ ರಸ ಒಣಗಿ ಹರಳಾದ ತಿನ್ನುವ ಗೋಂದನ್ನು, ಕಣ್ಣಿಂದ ನೋಡದೆ ಕೊಳ್ಳಬೇಡಿ. ಬೆಳಗಾವಿಯಲ್ಲಿ ಇದ್ದೀರಿ ಅಂದರೆ ರವಿವಾರ ಪೇಟೆಗೆ ಹೋಗಿ, ಚೀಲದ ಬಾಯಿ ಬಿಚ್ಚಿಟ್ಟು ಬಿಡಿಯಾಗಿ ಮಾರುವ ಅಂಗಡಿಯಲ್ಲಿ ನಾಲ್ಕು ಹರಳು ಎತ್ತಿ ಬೆಳಕಿಗೆ ಹಿಡಿದು ನೋಡಿ, ಆಮೇಲೆ ತೂಗಿಸಿ. ಬಾದಾಮಿ ಎಷ್ಟು ಹಾಕಬೇಕು, ತುಪ್ಪ ಆಕಳದ್ದೋ ಎಮ್ಮೆಯದ್ದೋ ಅಂತ ಮನೆಯಲ್ಲಿ ದೊಡ್ಡ ಚರ್ಚೆ ಆಗುತ್ತದೆ. ಅಂಟಿನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಕಿರಾಣಿ ಚೀಟಿಯ ಕೊನೆಗೆ 'ಅಂಟು 100 ಗ್ರಾಂ' ಅಂತ ಬರೆದು ಕಳಿಸಿಬಿಡುತ್ತಾರೆ. ಆಮೇಲೆ ಉಂಡೆ ಹಲ್ಲಿಗೆ ಹತ್ತಿಕೊಂಡರೆ, ಕಚ್ಚಿದಾಗ ಒಳಗೆ ಕಲ್ಲು ಸಿಕ್ಕ ಹಾಗೆ ಆದರೆ ಪಾಕ ಸರಿ ಬರಲಿಲ್ಲ ಅಂತಾರೆ. ಪಾಕ ಸರಿಯಾಗಿಯೇ ಇರುತ್ತದೆ, ಅಂಟು ಸರಿ ಇರುವುದಿಲ್ಲ.

ಈ ಸಲ ತಂಗಿಯ ಬಾಣಂತನ ನಮ್ಮ ಮನೆಯಲ್ಲೇ ಆಯಿತು, ಶಹಾಪುರದಲ್ಲಿ. ಚಳಿಗಾಲ ಬೇರೆ. ಬಾಣಂತಿಗೆ ದಿನಾ ಬೆಳಿಗ್ಗೆ ಒಂದು ಉಂಡೆ, ಜೊತೆಗೆ ಮನೆಯವರು ಬಂದವರು ಎಲ್ಲರೂ ತಿನ್ನುವವರೇ. ಹೇಗೂ ಪದೇ ಪದೇ ಮಾಡಬೇಕಲ್ಲ ಅಂತ ಮೂರು ಥರದ ಅಂಟು ತಂದು, ಉಳಿದ ಸಾಮಾನೆಲ್ಲ ಒಂದೇ ಇಟ್ಟುಕೊಂಡು, ಒಂದೇ ಅಳತೆಯಲ್ಲಿ ಉಂಡೆ ಕಟ್ಟಿ ನೋಡಿದೆವು. ಒಂದು, ರವಿವಾರ ಪೇಟೆಯ ಹಳೆಯ ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ಸಿಕ್ಕ ಜಾಲಿ ಅಂಟು. ಇನ್ನೊಂದು ಅದೇ ಅಂಗಡಿಯ ದಿಂಡಿಗ ಅನ್ನುವ ಮರದ ಅಂಟು. ಮೂರನೆಯದು ಮೊಬೈಲಿನಲ್ಲಿ ಆರ್ಡರ್ ಮಾಡಿ ತರಿಸಿದ್ದು, ಚೆಂದದ ಡಬ್ಬಿಯಲ್ಲಿ ಬಂದಿತ್ತು. ಆ ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಅಂಥವು ಬೇಕಾದಷ್ಟು ಇವೆ, ಯಾವುದನ್ನು ಕೊಂಡರೂ ನೋಡಬೇಕಾದ್ದು ಏನು ಅನ್ನೋದು ಮುಖ್ಯ.

ರವಿವಾರ ಪೇಟೆ ಗೊತ್ತಿಲ್ಲದವರಿಗೆ ಒಂದು ಮಾತು. ಬೆಳಗಾವಿಯಲ್ಲಿ ಕಿರಾಣಿ ಸಾಮಾನಿನ ಸಗಟು ವ್ಯಾಪಾರ ನಡೆಯುವ ಜಾಗ ಇದು. ಬೆಲ್ಲ, ಕೊಬ್ಬರಿ, ಮಸಾಲೆ, ಒಣಹಣ್ಣು ಎಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತದೆ. ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ, ಚೀಲ ಇಳಿಸುವವರ ನಡುವೆ ನುಸುಳಿಕೊಂಡು ಹೋಗಬೇಕು. ಸ್ಕೂಟರ್ ಇದ್ದರೆ ಒಳ್ಳೆಯದು, ಕಾರು ಬೇಡವೇ ಬೇಡ. ಅಂಗಡಿಯಲ್ಲಿ ಅಂಟು ಅಂದರೂ ತಿಳಿಯುತ್ತದೆ, ಡಿಂಕ ಅಂದರೂ ತಿಳಿಯುತ್ತದೆ. ಸುಮ್ನೆ 'ಗೋಂದ್ ಕೊಡಿ' ಅಂದರೆ ಮಾತ್ರ ಎರಡು ಬೇರೆ ಬೇರೆ ಸಾಮಾನಿನಲ್ಲಿ ಯಾವುದಾದರೂ ಕೈಗೆ ಬರಬಹುದು, ಅದರ ವಿಷಯ ಮುಂದೆ ಹೇಳುತ್ತೇನೆ.

ನಾನು ಹೋದ ಅಂಗಡಿಯವರು ಅಂಟು ಅಂದ ಕೂಡಲೇ ಕೇಳಿದ್ದು, "ಬಾಣಂತಿಗೇನ್ರಿ ಅಕ್ಕಾರ?" ಹೌದು ಅಂದೆ. ಮುಂದೆ ಇಟ್ಟಿದ್ದ ಸಣ್ಣ ಅಂಟಿನ ಚೀಲದ ಕಡೆ ಕೈ ಹಾಕದೆ ಒಳಗಿನಿಂದ ಬೇರೆ ಚೀಲ ತರಿಸಿದರು. "ಆ ಸಣ್ಣದು ಬ್ಯಾಡ್ರಿ, ಕಸ ಭಾಳ ಇರ್ತೈತಿ. ಹರಳ ಇದ್ದದ್ದು ಒಯ್ರಿ, ಮನ್ಯಾಗ ಒಡಕೊಂಡ್ರಾತು." ಅಂಗೈ ಮೇಲೆ ಸುರಿದು ತೋರಿಸಿದರು. ಕಡಲೆಕಾಳಿನಷ್ಟು, ಕೆಲವು ಅದಕ್ಕಿಂತ ದೊಡ್ಡ ಹರಳು. ತಿಳಿ ಜೇನಿನ ಬಣ್ಣ, ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತದೆ, ಮೇಲ್ಮೈ ತುಂಬ ಸಣ್ಣ ಬಿರುಕುಗಳು. ಅಲ್ಲೊಂದು ಇಲ್ಲೊಂದು ಕೆಂಪಗಿನ ಹರಳು ಇತ್ತು, ಅದನ್ನು ಅವರೇ ಆರಿಸಿ ಆಚೆ ಹಾಕಿದರು. ಮೂಸಿದರೆ ಏನೂ ವಾಸನೆ ಇಲ್ಲ. ಒಳ್ಳೆಯ ಅಂಟಿಗೆ ವಾಸನೆ ಇರಬಾರದು, ಮುಗ್ಗಲು ಹಿಡಿದಿದ್ದರೆ ಮೂಗಿಗೆ ತಕ್ಷಣ ಗೊತ್ತಾಗುತ್ತದೆ.

ಪಕ್ಕದ ಬರಣಿಯಲ್ಲಿ ಬಿಳಿಯ, ಮಬ್ಬಾದ, ಚಕ್ಕೆ ಚಕ್ಕೆಯಂಥ ಅಂಟು ಇತ್ತು. ನೋಡಲು ಅದೇ ಹೆಚ್ಚು ಚೆಂದ, ಬೆಳ್ಳಗೆ. ಅದು ಏನು ಅಂತ ಕೇಳಿದ್ದಕ್ಕೆ, "ಅದು ಉಂಡಿಗಿ ಅಲ್ರೀ, ಬ್ಯಾಸಗ್ಯಾಗ ನೀರಾಗ ನೆನಸಿ ಕುಡಿಯಾಕ" ಅಂದರು. ಅದೇ ಗೋಂದ್ ಕತೀರಾ. ಇದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಕತೀರಾವನ್ನು ತುಪ್ಪಕ್ಕೆ ಹಾಕಿದರೆ ಅರಳುವುದಿಲ್ಲ, ಎಷ್ಟು ಕರಿದರೂ ಗಟ್ಟಿಯಾಗಿಯೇ ಉಳಿಯುತ್ತದೆ. ನೀರಿಗೆ ಹಾಕಿದರೆ ಉಬ್ಬಿ ಉಬ್ಬಿ ಜೆಲ್ಲಿ ಆಗುತ್ತದೆ. ಶರಬತ್ತಿಗೆ ಒಳ್ಳೆಯದು, ಉಂಡೆಗೆ ಅಲ್ಲ. ಎಷ್ಟೋ ಡಬ್ಬಿಗಳ ಮೇಲೆ ದೊಡ್ಡದಾಗಿ 'ಗೋಂದ್' ಅಂತ ಇದ್ದು ಕತೀರಾ ಅನ್ನೋದು ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಮನೆಯಲ್ಲಿ ಈಗಾಗಲೇ ತಂದಿಟ್ಟ ಅಂಟು ಯಾವುದು ಅಂತ ಅನುಮಾನ ಇದ್ದರೆ ರಾತ್ರಿ ಒಂದು ವಾಟಗಾ (ಬಟ್ಟಲು) ನೀರಿಗೆ ಎರಡು ಹರಳು ಹಾಕಿಡಿ. ಬೆಳಿಗ್ಗೆ ಪೂರ್ತಿ ಕರಗಿ ನೀರು ಅಂಟಂಟಾಗಿದ್ದರೆ ಜಾಲಿ ಅಂಟು. ಅರ್ಧಂಬರ್ಧ ಕರಗಿ ಲೋಳೆಯಂತಾಗಿದ್ದರೆ ದಿಂಡಿಗ. ವಾಟಗಾ ತುಂಬ ಉಬ್ಬಿ ನಿಂತಿದ್ದರೆ ಕತೀರಾ. ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಜಾಲಿ ಅಂಟು ಅಂದರೆ ಜಾಲಿ ಜಾತಿಯ ಮರದ ತೊಗಟೆಯಿಂದ ಒಸರುವ ರಸ, ಗಾಳಿಗೆ ಒಣಗಿ ಹರಳಾದದ್ದು. ನಮ್ಮ ಕಡೆ ಹೊಲದ ಬದುವಿನಲ್ಲಿ ನಿಂತ ಕರಿಜಾಲಿಯಲ್ಲೂ ಬರುತ್ತದೆ. ಆದರೆ ಪೇಟೆಗೆ ಬರುವ ಎಲ್ಲವೂ ಇಲ್ಲಿಯದೇ ಅಂತ ತಿಳಿಯಬೇಡಿ. ಈ ಜಾತಿಯ ಅಂಟನ್ನು ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳೆಯುವ ದೇಶ ಸುಡಾನ್. ಅಲ್ಲಿಂದ, ನೈಜೀರಿಯಾದಿಂದ ನಮ್ಮ ದೇಶಕ್ಕೆ ಬಹಳ ಬರುತ್ತದೆ. ಹೊರಗಿನದು ಅಂದರೆ ಕೆಟ್ಟದ್ದು ಅಂತಲ್ಲ, ಅದು ಇನ್ನೂ ತಿಳಿಯಾಗಿ ಚೆನ್ನಾಗಿಯೇ ಇರುತ್ತದೆ. ದಿಂಡಿಗ ಬೇರೆ ಮರ, ಒಣ ಕಾಡಿನಲ್ಲಿ ಬೆಳೆಯುತ್ತದೆ. ಅದರ ಅಂಟನ್ನು ಬೆಳಗಾವಿಯ ಅಂಗಡಿಗಳಲ್ಲಿ ಧಾವಡಾ ಡಿಂಕ ಅಂತ ಕೇಳಿದರೆ ಕೊಡುತ್ತಾರೆ. ಎಲ್ಲ ಕಡೆ ಸಿಗುವುದಿಲ್ಲ, ಸಿಕ್ಕರೆ ಬೆಲೆ ಜಾಸ್ತಿ.

ಈಗ ಡಬ್ಬಿಯ ಅಂಟಿನ ವಿಷಯ. ಡಬ್ಬಿ ನೋಡಲು ಚೆಂದ, ಮುಚ್ಚಳದ ಮೇಲೆ ಉಂಡೆಯ ಚಿತ್ರ, ಶುದ್ಧ, ನೈಸರ್ಗಿಕ ಅಂತೆಲ್ಲ ಬರಹ. ಯಾವ ಮರದ ಅಂಟು ಅಂತ ಮಾತ್ರ ಎಲ್ಲೂ ಇಲ್ಲ. ಪರಾತದಲ್ಲಿ (ಅಗಲ ತಟ್ಟೆಯಲ್ಲಿ) ಸುರಿದಾಗ ಮೇಲಿನ ಪದರದಲ್ಲಿ ಒಳ್ಳೆಯ ಹರಳು, ಕೆಳಗೆ ಪುಡಿ, ಚೂರು, ತೊಗಟೆಯ ಕರಿ ಚೂರು, ಮರಳು. ಜರಡಿ ಹಿಡಿದರೆ ಕಾಲು ಭಾಗ ಕೆಳಗೆ ಬಿತ್ತು. ಆ ಪುಡಿಯನ್ನು ತುಪ್ಪಕ್ಕೆ ಹಾಕುವ ಹಾಗಿಲ್ಲ, ತಳಕ್ಕೆ ಇಳಿದು ಹೊತ್ತಿ ಇಡೀ ತುಪ್ಪ ಕಹಿ ಆಗುತ್ತದೆ. ಉಳಿದ ಹರಳಿನಲ್ಲೂ ಎರಡು ಬಣ್ಣ, ಎರಡು ಥರ ಮಿಂಚು. ಒಂದೇ ಮರದ್ದು ಅಲ್ಲ ಅಂತ ನೋಡಿದರೆ ತಿಳಿಯುತ್ತಿತ್ತು. ಬಿಡಿ ಅಂಟಿನಲ್ಲಿ ಕಸ ಇದ್ದರೆ ನಾವು ಅಂಗಡಿಯಲ್ಲೇ ನೋಡಿ ಬೇಡ ಅನ್ನಬಹುದು. ಡಬ್ಬಿಯಲ್ಲಿ ಬಂದದ್ದನ್ನು ಮನೆಯಲ್ಲಿ ಬಿಚ್ಚಿದ ಮೇಲೆ ಏನು ಮಾಡುವುದು? ತಿನ್ನುವ ಸಾಮಾನು ಅಂತ ವಾಪಸ್ ಕೂಡ ತೊಗೊಳ್ಳಲಿಲ್ಲ. ಕೊಟ್ಟ ದುಡ್ಡು ಲೆಕ್ಕ ಹಾಕಿದರೆ ಬಿಡಿ ಅಂಟಿಗಿಂತ ಅದೇ ತುಟ್ಟಿ.

ಇನ್ನು ಕರಿಯುವುದು. ಉಂಡೆಯ ಹಣೆಬರಹ ಇಲ್ಲೇ ನಿರ್ಧಾರ ಆಗುತ್ತದೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಅಂಟು ಒಣಗಿದಂತೆ ಕಂಡರೂ ಒಳಗೆ ಶೇಕಡ 10ರಿಂದ 15ರಷ್ಟು ನೀರು ಇರುತ್ತದೆ. ಬಿಸಿ ತುಪ್ಪಕ್ಕೆ ಬಿದ್ದಾಗ ಅಂಟು ಮೊದಲು ಮೆತ್ತಗಾಗುತ್ತದೆ, ಒಳಗಿನ ನೀರು ಆವಿಯಾಗಿ ಹೊರಗೆ ಬರಲು ನೋಡುತ್ತದೆ, ಅದರಿಂದ ಹರಳು ಅರಳುತ್ತದೆ. ಜೋಳದ ಅರಳು ಆದ ಹಾಗೆ. ಹರಳು ದೊಡ್ಡದಿದ್ದರೆ ಹೊರಗೆ ಅರಳಿ ಕೆಂಪಾಗುತ್ತದೆ, ನಡುವೆ ಹಸಿ ಗಟ್ಟಿ ಉಳಿಯುತ್ತದೆ. ಆ ಹಸಿ ಗಟ್ಟಿಯೇ ಹಲ್ಲಿಗೆ ಹತ್ತುವುದು. ಅದಕ್ಕೇ ಕುಟ್ಟಾಣಿಯಲ್ಲಿ ಮೆಲ್ಲಗೆ ಒಡೆದು ಮೆಣಸಿನಕಾಳಿನಷ್ಟು ಮಾಡಿಕೊಳ್ಳಬೇಕು. ಮಿಕ್ಸಿಗೆ ಹಾಕಬೇಡಿ, ಪುಡಿ ಆಗುತ್ತದೆ.

ದಪ್ಪ ತಳದ ಕಡಾಯಿಯಲ್ಲಿ ತುಪ್ಪ ಕಾಯಲಿ, ಉರಿ ಮಧ್ಯಮಕ್ಕಿಂತ ಸ್ವಲ್ಪ ಕಡಿಮೆ. ಮೊದಲು ಒಂದೇ ಚೂರು ಹಾಕಿ ನೋಡಿ. ತಳಕ್ಕೆ ಹೋಗಿ, ಎರಡು ಮೂರು ಎಣಿಸುವಷ್ಟರಲ್ಲಿ ಮೇಲೆ ಬಂದು ಸುತ್ತ ಗುಳ್ಳೆ ಎಬ್ಬಿಸಿ, ಚಟಪಟ ಅಂತ ಸಣ್ಣ ಸದ್ದು ಮಾಡುತ್ತಾ ಬೆಳ್ಳಗೆ ಅರಳಿದರೆ ತುಪ್ಪ ತಯಾರು. ಹಾಕಿದ ಕೂಡಲೇ ಕೆಂಪಾದರೆ ಉರಿ ಜಾಸ್ತಿ. ತಳದಲ್ಲೇ ಕೂತು ತುಪ್ಪ ಕುಡಿಯುತ್ತಿದ್ದರೆ ಉರಿ ಕಡಿಮೆ. ಒಂದು ಸಲಕ್ಕೆ ಒಂದು ಚಮಚೆಗಿಂತ ಜಾಸ್ತಿ ಅಂಟು ಹಾಕಬೇಡಿ, ತುಪ್ಪ ತಣ್ಣಗಾಗಿಬಿಡುತ್ತದೆ. ಜಾಲರಿ ಸೌಟಿನಿಂದ ತಿರುಗಿಸುತ್ತಾ ಇದ್ದರೆ ಎಲ್ಲ ಕಡೆ ಅರಳುತ್ತದೆ. ಸದ್ದು ನಿಂತ ಮೇಲೆ ತೆಗೆಯಿರಿ. ತೆಗೆದ ಪ್ರತಿ ಘಾಣದಿಂದ (ಒಂದು ಸಲಕ್ಕೆ ಕರಿದದ್ದರಿಂದ) ಒಂದೆರಡು ಆರಿಸಿ, ಆರಿದ ಮೇಲೆ ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ. ಪುಸ್ ಅಂತ ಪುಡಿ ಆಗಬೇಕು, ನಡುವೆ ಏನೂ ಗಟ್ಟಿ ತಾಗಬಾರದು.

ಈ ಪರೀಕ್ಷೆಯಲ್ಲಿ ಜಾಲಿ ಅಂಟು ಬಹಳ ಚೆನ್ನಾಗಿ ಪಾಸಾಯಿತು. ಅರಳಿದ ಮೇಲೆ ಮೂರು ನಾಲ್ಕು ಪಟ್ಟು ದೊಡ್ಡದು, ಬೆಳ್ಳಗೆ, ಒತ್ತಿದರೆ ಬೆರಳಿಗೆ ಸಣ್ಣ ಹಿಟ್ಟು ಮಾತ್ರ. ದಿಂಡಿಗ ಅಷ್ಟು ದೊಡ್ಡದಾಗಿ ಅರಳಲಿಲ್ಲ, ಸ್ವಲ್ಪ ಕಂದು ಬಣ್ಣ, ಆದರೆ ಕುರುಕುರು ಅನ್ನೋದು ಅದರಲ್ಲಿ ಜಾಸ್ತಿ, ರುಚಿಯೂ ಸ್ವಲ್ಪ ಗಾಢ. ಡಬ್ಬಿಯ ಅಂಟಿನಲ್ಲಿ ಅರ್ಧ ಅರಳಿತು, ಅರ್ಧ ಅರಳಲಿಲ್ಲ. ಒಂದೇ ತುಪ್ಪ, ಒಂದೇ ಉರಿ, ಒಂದೇ ಗಾತ್ರ. ಅರಳದ ಚೂರುಗಳನ್ನು ಒಂದೊಂದಾಗಿ ಆರಿಸಿ ತೆಗೆಯುವುದರಲ್ಲೇ ಅವ್ವನಿಗೆ ಸಾಕಾಯಿತು. "ಇದನ್ನ ಬಾಣಂತಿಗಿ ಕೊಡೂದು ಬ್ಯಾಡವಾ, ನಾವ ತಿನ್ನೂಣು" ಅಂದುಬಿಟ್ಟಳು. ಹೆರಿಗೆ ಆದವಳ ಹೊಟ್ಟೆಗೆ ಹೋಗುವ ವಸ್ತು ಇದು. ಕಸ, ಮರಳು, ಅರಳದ ಅಂಟು ಸೇರಿಸಿ ಮಾರುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬಂತು.

ಬೆಲ್ಲದ ಬಗ್ಗೆಯೂ ಹೇಳಲೇಬೇಕು, ಅಂಟು ಬಿಟ್ಟರೆ ಮುಂದಿನದು ಅದೇ. ನಮ್ಮ ಭಾಗದಲ್ಲಿ ಬೆಲ್ಲಕ್ಕೆ ಏನು ಬರ ಇಲ್ಲ. ಘಟಪ್ರಭಾ, ಕೃಷ್ಣಾ ದಂಡೆಯ ಕಬ್ಬು ಇದ್ದೇ ಇದೆ. ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ಬೆಲ್ಲದ ಪೇಟೆ ದೊಡ್ಡ ಹೆಸರು ಮಾಡಿದ್ದು. ಆ ಕಡೆ ಕೊಲ್ಲಾಪುರದ ಬೆಲ್ಲ ಬರುತ್ತದೆ, ಅದಕ್ಕೆ 2014ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ನಾನು ತಂದದ್ದು ಮಹಾಲಿಂಗಪುರದ ಪೆಂಟಿ ಬೆಲ್ಲ, ಎರಡು ಬಣ್ಣದ್ದು. ಒಂದು ನಿಂಬೆ ಹಳದಿ, ಇನ್ನೊಂದು ಕಂದು. ಅಂಗಡಿಗೆ ಬಂದವರೆಲ್ಲ ಹಳದಿಯನ್ನೇ ಕೇಳುತ್ತಿದ್ದರು. ನನ್ನ ಮಾತು ಕೇಳಿ, ಕಂದು ತೊಗೊಳ್ಳಿ. ಕಬ್ಬಿನ ರಸ ಕುದಿಸುವಾಗ ಬಣ್ಣ ಬಿಳಿಚಲಿ ಅಂತ ಸೋಡಿಯಂ ಹೈಡ್ರೋಸಲ್ಫೈಟ್ ಹಾಕುವ ರೂಢಿ ಇದೆ, ಗಾಣದವರು ಹೈಡ್ರೋಸ್ ಅಂತಾರೆ. ಅದು ಜಾಸ್ತಿ ಬಿದ್ದ ಬೆಲ್ಲ ಹೊಳೆಯುವ ಹಳದಿ ಇರುತ್ತದೆ, ನಾಲಿಗೆ ಮೇಲೆ ಸ್ವಲ್ಪ ಉಪ್ಪುಪ್ಪು. ಬೆಂಡೆಗಿಡದ ಲೋಳೆ ಹಾಕಿ ಕೊಳೆ ತೆಗೆದು, ಹೈಡ್ರೋಸ್ ಇಲ್ಲದೆ ಕಾಯಿಸಿದ ಬೆಲ್ಲ ಕಂದು ಇರುತ್ತದೆ. ಅದರ ಪಾಕದ ವಾಸನೆಯೇ ಬೇರೆ, ಅಡುಗೆಮನೆ ತುಂಬ ಗಾಣದ ಹತ್ತಿರ ನಿಂತ ಹಾಗೆ ಘಮ ಬಂತು.

ಕಂದು ಅಂತ ಕರ್ರಗೆ, ಮೆತ್ತಗೆ, ಕೈಗೆ ಹತ್ತುವ ಬೆಲ್ಲ ತರಬೇಡಿ. ಅದರ ಉಂಡೆ ಎರಡು ದಿನಕ್ಕೆ ಗಾಳಿಯ ತೇವ ಹೀರಿ ಬೆವರಿದಂತೆ ಆಗುತ್ತದೆ. ಬೆಲ್ಲ ಒಡೆದಾಗ ಒಳಗೆ ಹರಳು ಹರಳಾಗಿ ಮಿಂಚಬೇಕು, ಅಂಚು ಚೂಪಾಗಿ ಒಡೆಯಬೇಕು.

ಕೊಬ್ಬರಿಗೆ ಬಹಳ ಹೇಳುವುದಿಲ್ಲ. ತಿಪಟೂರಿನ ಗಿಟುಕ ಕೊಬ್ಬರಿ ತಂದರೆ ಆಯಿತು, ಚಿಪ್ಪಿನೊಳಗೇ ತಿಂಗಳುಗಟ್ಟಲೆ ಒಣಗಿದ್ದು ಅದು. ಒಡೆದು ಮೂಸಿ ನೋಡಿ, ಕಮಟು ವಾಸನೆ ಇದ್ದರೆ ಒಂದು ಚೂರೂ ಹಾಕಬೇಡಿ, ಇಡೀ ಉಂಡೆ ಹಾಳಾಗುತ್ತದೆ. ಮೇಲಿನ ಕಂದು ಸಿಪ್ಪೆ ಹೆರೆದು ತೆಗೆದು ತುರಿದರೆ ಉಂಡೆಗೆ ಬಣ್ಣ ಬರುತ್ತದೆ. ಪ್ಯಾಕೆಟ್‌ನಲ್ಲಿ ಬರುವ ಒಣ ಕೊಬ್ಬರಿ ಪುಡಿ ಬಳಸುವವರಿದ್ದಾರೆ. ಅದರಲ್ಲಿ ಎಣ್ಣೆ ಅಂಶವೇ ಇಲ್ಲದ ಹಾಗೆ ಒಣಒಣ ಅನಿಸುತ್ತದೆ, ನನಗೆ ಹಿಡಿಸಲಿಲ್ಲ. ಮಣೂಕ ವಿಜಯಪುರದ್ದು. ತಿಕೋಟಾ ಕಡೆಯ ದ್ರಾಕ್ಷಿ ತೋಟದವರು ಒಣಗಿಸಿ ಮಾರುವ ಹಸಿರು ಮಣೂಕ, ದೊಡ್ಡದು, ಹುಳಿ ಸಿಹಿ ಎರಡೂ ಇರುತ್ತದೆ. ಉತ್ತತ್ತಿ ಮಾತ್ರ ತುಸು ಮೆತ್ತಗಿರುವುದನ್ನು ಆರಿಸಿ, ಕಟ್ಟಿಗೆಯಂತೆ ಇದ್ದರೆ ಮಿಕ್ಸಿ ಬ್ಲೇಡು ಹೋಗುತ್ತದೆ.

ಅಳತೆ ಕೇಳುವವರಿಗೆ ನಮ್ಮ ಮನೆಯ ಲೆಕ್ಕ ಇದು. ಅಂಟು 100 ಗ್ರಾಂ, ಕೊಬ್ಬರಿ ತುರಿ 250 ಗ್ರಾಂ, ಬೀಜ ತೆಗೆದ ಉತ್ತತ್ತಿ 200 ಗ್ರಾಂ, ಬಾದಾಮಿ ಗೋಡಂಬಿ 100 ಗ್ರಾಂ ಒಂದೊಂದು, ಮಣೂಕ 50 ಗ್ರಾಂ, ಗಸಗಸೆ 50 ಗ್ರಾಂ, ಅಳವಿ (ಹಲೀಮ್ ಬೀಜ) ಎರಡು ಚಮಚೆ, ಬೆಲ್ಲ 400 ಗ್ರಾಂ, ತುಪ್ಪ 200 ಗ್ರಾಂ. ಒಣ ಶುಂಠಿ ಪುಡಿ ಒಂದು ದೊಡ್ಡ ಚಮಚೆ, ಏಲಕ್ಕಿ, ಸ್ವಲ್ಪ ಜಾಜಿಕಾಯಿ. ಸುಮಾರು 40 ಉಂಡೆ ಆಗುತ್ತವೆ, ಲಿಂಬೆಹಣ್ಣಿನ ಗಾತ್ರದವು. ಅಂಟು ಕರಿದು ತೆಗೆದ ತುಪ್ಪದಲ್ಲೇ ಬಾದಾಮಿ, ಗೋಡಂಬಿ, ಮಣೂಕ, ಆಮೇಲೆ ಕುಟ್ಟಿದ ಉತ್ತತ್ತಿ ಹುರಿಯಿರಿ. ಕೊಬ್ಬರಿ, ಗಸಗಸೆ, ಅಳವಿ ಮೂರನ್ನೂ ತುಪ್ಪ ಇಲ್ಲದೆ ಬೇರೆ ಬೇರೆ ಹುರಿಯಬೇಕು. ಗಸಗಸೆ ಚಿಟಪಟ ಅಂದರೆ ಸಾಕು, ಕೆಂಪಾದರೆ ಕಹಿ.

ಪಾಕದ ಹತ್ತಿರ ನಿಂತೇ ಇರಬೇಕು. ಬೆಲ್ಲಕ್ಕೆ ಕಾಲು ವಾಟಗಾ ನೀರು ಹಾಕಿ ಕರಗಿಸಿ, ಸೋಸಿ, ಮತ್ತೆ ಒಲೆಗೆ ಇಡಿ. ಸೋಸುವುದನ್ನು ತಪ್ಪಿಸಬೇಡಿ, ಎಂಥ ಒಳ್ಳೆಯ ಬೆಲ್ಲದಲ್ಲೂ ಕಬ್ಬಿನ ನಾರು, ಮಣ್ಣು ಇರುತ್ತದೆ. ನೊರೆ ಎದ್ದು, ಗುಳ್ಳೆ ದೊಡ್ಡದಾಗಿ, ತಟ್ಟೆಯ ನೀರಿಗೆ ಒಂದು ಹನಿ ಬಿಟ್ಟರೆ ಬೆರಳಿಗೆ ಮೆತ್ತನೆ ಗುಂಡಾಗಿ ಬಂದಾಗ ಇಳಿಸಿ. ಟಣ್ ಅಂತ ಸದ್ದು ಬರುವ ತನಕ ಬಿಟ್ಟರೆ ಉಂಡೆ ಒಡೆಯಲು ಒರಳು ಬೇಕಾಗುತ್ತದೆ.

ಕೂಡಿಸುವಾಗ ಅಂಟು ಕೊನೆಗೆ. ಇದನ್ನು ಯಾರೂ ಹೇಳುವುದಿಲ್ಲ, ಆದರೆ ದೊಡ್ಡ ವ್ಯತ್ಯಾಸ ಇದೆ. ಜಾಲಿ ಅಂಟು ನೀರಿನಲ್ಲಿ ಕರಗುವ ವಸ್ತು, ಕರಿದ ಮೇಲೂ ಆ ಗುಣ ಹೋಗುವುದಿಲ್ಲ. ಬಿಸಿ ತೆಳು ಪಾಕಕ್ಕೆ ನೇರವಾಗಿ ಹಾಕಿದರೆ ಅರಳಿದ್ದೆಲ್ಲ ಮತ್ತೆ ಇಳಿದು ಅಂಟಂಟಾಗುತ್ತದೆ. ಮೊದಲು ಕೊಬ್ಬರಿ, ಉತ್ತತ್ತಿ, ಬಾದಾಮಿ ಎಲ್ಲ ಪಾಕಕ್ಕೆ ಸೇರಿಸಿ ತೇವ ಅವು ಹೀರಿಕೊಳ್ಳಲಿ. ಆಮೇಲೆ ಅಂಟು, ಅರ್ಧ ಕೈಯಲ್ಲಿ ಹಿಸುಕಿ ಪುಡಿ ಮಾಡಿದ್ದು, ಅರ್ಧ ಹಾಗೇ ಇಡಿಯಾಗಿ. ಪುಡಿ ಉಂಡೆಯನ್ನು ಹಿಡಿದು ನಿಲ್ಲಿಸುತ್ತದೆ, ಇಡಿ ಅಂಟು ಬಾಯಲ್ಲಿ ಕುರುಕುರು ಅನ್ನುತ್ತದೆ. ಕೈಗೆ ತುಪ್ಪ ಹಚ್ಚಿಕೊಂಡು ಬಿಸಿ ಇರುವಾಗಲೇ ಕಟ್ಟಬೇಕು. ಇಬ್ಬರು ಮೂವರು ಕೂತರೆ ಒಳ್ಳೆಯದು. ಒಬ್ಬರೇ ಕಟ್ಟುತ್ತಾ ಕೂತರೆ ಕೆಳಗಿನದು ಪರಾತದಲ್ಲೇ ಗಟ್ಟಿಯಾಗುತ್ತದೆ. ಹಾಗಾದರೆ ಒಲೆ ಮೇಲೆ ಪರಾತ ಒಂದು ಕ್ಷಣ ಬೆಚ್ಚಗೆ ಮಾಡಿ.

ತಿಂದು ನೋಡಿದಾಗ ಏನಾಯಿತು ಅಂತ ಹೇಳುತ್ತೇನೆ. ಜಾಲಿ ಅಂಟಿನ ಉಂಡೆ ಎಲ್ಲರಿಗೂ ಇಷ್ಟವಾಯಿತು. ಕಚ್ಚಿದರೆ ಸಲೀಸಾಗಿ ಒಡೆಯುತ್ತದೆ, ಹಲ್ಲಿಗೆ ಹತ್ತುವುದಿಲ್ಲ, ಹಲ್ಲಿಲ್ಲದ ಅಜ್ಜಿಯೂ ಪುಡಿ ಮಾಡಿಕೊಂಡು ತಿಂದಳು. ದಿಂಡಿಗದ ಉಂಡೆ ಗಟ್ಟಿ ಇಷ್ಟಪಡುವವರಿಗೆ ಸರಿ, ಅಪ್ಪನಿಗೆ ಅದೇ ಬೇಕಾಯಿತು. ವಾರ ಕಳೆದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ತಿಂದರೆ ದಿಂಡಿಗದ ಉಂಡೆಯ ಕುರುಕು ಹಾಗೇ ಇತ್ತು, ಜಾಲಿಯದು ಸ್ವಲ್ಪ ಮೆತ್ತಗಾಗಿತ್ತು. ಬಹಳ ದಿನ ಇಡಬೇಕು, ದೂರದ ಊರಿಗೆ ಕಳಿಸಬೇಕು ಅನ್ನುವವರು ದಿಂಡಿಗ ತೊಗೊಳ್ಳಬಹುದು. ಬಾಣಂತಿಗೆ ಅಂದರೆ ಜಾಲಿಯೇ. ಡಬ್ಬಿಯ ಅಂಟಿನ ಉಂಡೆಯಲ್ಲಿ ಅಷ್ಟು ಆರಿಸಿ ತೆಗೆದ ಮೇಲೂ ಅಲ್ಲಲ್ಲಿ ಹಲ್ಲಿಗೆ ಹತ್ತುವ ಚೂರು ಸಿಕ್ಕೇ ಸಿಕ್ಕಿತು.

'ಇಷ್ಟೆಲ್ಲ ಯಾಕೆ, ಗೋಕಾಕದಿಂದ ಕರದಂಟು ತಂದರೆ ಆಗದಾ' ಅಂತ ಕೆಲವರು ಕೇಳುತ್ತಾರೆ. ಕರದಂಟು ಅಂದರೆ ಕರಿದ ಅಂಟು, ಬೆಲ್ಲ, ಒಣಹಣ್ಣು ಸೇರಿಸಿ ಮಾಡುವ ಸಿಹಿ. ತರಬಹುದು, ಚೆನ್ನಾಗಿರುತ್ತದೆ. ಗೋಕಾಕದ್ದೂ ಇಷ್ಟ, ಹುನಗುಂದ ತಾಲೂಕಿನ ಅಮೀನಗಡದ್ದೂ ಇಷ್ಟ. ಅಮೀನಗಡದಲ್ಲಿ 1907ರಿಂದ ಈ ವ್ಯಾಪಾರ ನಡೆದು ಬಂದಿದೆ. ಅವರು ಕರಿದ ಅಂಟನ್ನು ತಿಂದರೆ ಕೆಲಸ ಅಂದರೇನು ಅಂತ ತಿಳಿಯುತ್ತದೆ, ಒಂದು ಚೂರೂ ಹಸಿ ಇರುವುದಿಲ್ಲ. ಪ್ರವಾಸಕ್ಕೆ, ಬೀಗರಿಗೆ, ಮಕ್ಕಳ ಡಬ್ಬಿಗೆ ಅದೇ ಸರಿ. ಬಾಣಂತಿಯ ಉಂಡೆ ಬೇರೆ. ಅದರಲ್ಲಿ ಶುಂಠಿ ಜಾಸ್ತಿ ಬೇಕು, ಅಳವಿ ಬೇಕು, ಸಿಹಿ ಕಡಿಮೆ ಇರಬೇಕು, ಕರದಂಟಿನಷ್ಟು ಗಟ್ಟಿ ಇರಬಾರದು. ಅವಳಿಗೆ ಏನು ಹಿಡಿಸುತ್ತದೆ ಅಂತ ನೋಡಿಕೊಂಡು ಮನೆಯಲ್ಲಿ ಮಾಡುವುದು ಅದು. ನಮ್ಮ ತಂಗಿಗೆ ಜಾಜಿಕಾಯಿ ವಾಸನೆ ಆಗಲಿಲ್ಲ, ಎರಡನೇ ಸಲಕ್ಕೆ ಬಿಟ್ಟೆವು.

ದಿನಕ್ಕೆ ಒಂದೇ ಉಂಡೆ ಸಾಕು. ತುಪ್ಪ, ಬೆಲ್ಲ, ಬಾದಾಮಿ ಎಲ್ಲ ಸೇರಿದ್ದು, ಸುಮ್ನೆ ಬಾಯಾಡಿಸುವ ತಿಂಡಿ ಅಲ್ಲ. ಅಂಟು ನಾರಿನ ವಸ್ತು ಆದ್ದರಿಂದ ಜೊತೆಗೆ ಬಿಸಿ ನೀರೋ ಹಾಲೋ ಕುಡಿಯಬೇಕು. ಸಕ್ಕರೆ ಕಾಯಿಲೆ ಇರುವ ಬಾಣಂತಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಅಳವಿಯನ್ನು ಬಸುರಿಯರಿಗೆ ಕೊಡುವುದಿಲ್ಲ ನಮ್ಮಲ್ಲಿ, ಹೆರಿಗೆ ಆದ ಮೇಲೆಯೇ. ಬಸುರಿ ಇದ್ದವರಿಗೆ ಅಂತ ಮಾಡುತ್ತಿದ್ದರೆ ಅದನ್ನು ಬಿಟ್ಟು ಮಾಡಿ.

ಇಡುವುದಕ್ಕೆ ಸ್ಟೀಲ್ ಡಬ್ಬಿ, ತಳದಲ್ಲಿ ಒಣ ಬಟ್ಟೆ. ಫ್ರಿಜ್ ಬೇಡ, ತೇವ ಹಿಡಿಯುತ್ತದೆ. ಬೆಳಗಾವಿಯ ಚಳಿಗೆ ತಿಂಗಳು ನಿಲ್ಲುತ್ತದೆ, ಮಳೆಗಾಲದಲ್ಲಿ ಮಾಡಿದರೆ ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ. ಹಸಿ ಅಂಟೂ ಹಾಗೆಯೇ, ಉಳಿದರೆ ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಇಡಿ. ತೇವ ಹಿಡಿದು ಒಂದಕ್ಕೊಂದು ಹತ್ತಿದ ಅಂಟನ್ನು ಕರಿಯುವ ಮೊದಲು ಬಿಸಿಲಿಗೆ ಹರವಿ.

ಬೆಲೆ ದಿನಕ್ಕೊಂದು ಥರ ಇರುತ್ತದೆ, ಹಬ್ಬ ಚಳಿಗಾಲ ಬಂದರೆ ಏರುತ್ತದೆ. ನಾನು ಜಾಲಿ ಅಂಟಿಗೆ ಕಾಲು ಕಿಲೋಗೆ 180 ರೂಪಾಯಿ ಕೊಟ್ಟೆ, ದಿಂಡಿಗಕ್ಕೆ 260. ಅಂಗಡಿಯವರ ಬಗ್ಗೆ ಒಂದೇ ದೂರು, ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುತ್ತಾರೆ, ದಾರಿಯಲ್ಲಿ ಹರಿಯುತ್ತದೆ. ಮನೆಯಿಂದ ಒಂದು ಡಬ್ಬಿ ಒಯ್ದರೆ ಅದರಲ್ಲೇ ತೂಗಿ ಹಾಕುತ್ತಾರೆ. ಸಗಟು ಪೇಟೆ, ಸ್ವಲ್ಪ ಕೇಳಿದರೆ ಕೊಡುವುದಿಲ್ಲ ಅಂತ ಹಿಂಜರಿಯಬೇಡಿ, 50 ಗ್ರಾಂ ಕೇಳಿದರೂ ಮುಖ ಸಿಂಡರಿಸದೆ ಕೊಡುತ್ತಾರೆ. ಮೊದಲು ಅಷ್ಟೇ ತಂದು, ಮನೆಯಲ್ಲಿ ನಾಲ್ಕು ಹರಳು ಕರಿದು ಒತ್ತಿ ನೋಡಿ, ಸರಿ ಅನಿಸಿದರೆ ಅದೇ ಚೀಲದ್ದನ್ನೇ ಕೇಳಿ ಉಳಿದದ್ದು ತನ್ನಿ.